ಥಿನ್ನರ್, ಸಲ್ಯೂಷನ್ ಮೂಸುವ ಮಕ್ಕಳ ಲಿವರ್ ಪರೀಕ್ಷೆ: ಮನೆಯವರು ಮಾಡಬೇಕಾದದ್ದು

ಮಗನ ಶಾಲಾ ಬ್ಯಾಗಿನಲ್ಲಿ ಥಿನ್ನರ್ ವಾಸನೆಯ ಕರ್ಚೀಫು ಸಿಕ್ಕಿದರೆ, ಅಥವಾ ಪಂಕ್ಚರ್ ಸಲ್ಯೂಷನ್ ಟ್ಯೂಬು ಹಾಸಿಗೆಯ ಕೆಳಗೆ ಕಂಡರೆ, ಮನೆಯವರ ಕೈ ಮೊದಲು ಏಳುವುದು ಹೊಡೆಯಲು. ದಯವಿಟ್ಟು ಆ ಹೊತ್ತಿನಲ್ಲಿ ತಡೆದುಕೊಳ್ಳಿ. ಈ ಆವಿ ದೇಹದೊಳಗಿರುವಾಗ ಹೃದಯವು, ಹೆದರಿಕೆಯಲ್ಲಿ ದೇಹ ಸುರಿಸುವ ಹಾರ್ಮೋನಾದ ಅಡ್ರಿನಲಿನ್‌ಗೆ ಅತಿಯಾಗಿ ಸ್ಪಂದಿಸುವುದರಿಂದ, ಹುಡುಗನನ್ನು ಬೆದರಿಸಿ ಅಟ್ಟಿಸಿಕೊಂಡು ಹೋದರೆ ಬಡಿತ ತಾಳ ತಪ್ಪಿ ಅವನು ಅಲ್ಲಿಯೇ ಕುಸಿದು ಸಾಯುವ ಅಪಾಯವಿದೆ. ಕಿಟಕಿ ಬಾಗಿಲು ತೆರೆದು, ಬೆಂಕಿಕಡ್ಡಿ ಗೀರದೆ, ಅವನನ್ನು ಸುಮ್ಮನೆ ಕೂರಿಸಿ. ಪ್ರಜ್ಞೆ ಮಂಕಾಗಿದ್ದರೆ ಮಗ್ಗುಲಾಗಿ ಮಲಗಿಸಿ 108ಕ್ಕೆ ಕರೆ ಮಾಡಿ.

ಸಿಕ್ಕಿದ ಡಬ್ಬಿಯನ್ನು ಎಸೆಯಬೇಡಿ. ಎಲ್ಲ ದ್ರಾವಕಗಳೂ ಲಿವರ್‌ಗೆ ಒಂದೇ ರೀತಿ ಹಾನಿ ಮಾಡುವುದಿಲ್ಲ. ಪೇಂಟ್ ಥಿನ್ನರ್ ಮತ್ತು ಅಂಟುಗಳಲ್ಲಿರುವ ಟೊಲ್ಯೂಯಿನ್ ಎಂಬ ದ್ರಾವಕ ಹೆಚ್ಚಾಗಿ ಮೆದುಳು ಮತ್ತು ಕಿಡ್ನಿಗಳನ್ನು ಕೆಡಿಸುತ್ತದೆ. ಟ್ರೈಕ್ಲೋರೋಎಥಿಲೀನ್, ಕಾರ್ಬನ್ ಟೆಟ್ರಾಕ್ಲೋರೈಡ್‌ನಂತಹ ಕ್ಲೋರಿನ್ ಇರುವ ದ್ರಾವಕಗಳೇ ಲಿವರ್‌ನ ದೊಡ್ಡ ಶತ್ರುಗಳು. ಲಿವರ್‌ನ ಕಿಣ್ವವೊಂದು ಇವುಗಳನ್ನು ಒಡೆಯುವಾಗ ಹುಟ್ಟುವ ವಸ್ತುಗಳು ಆ ಜೀವಕೋಶಗಳನ್ನೇ ಸುಡುತ್ತವೆ. ಮದ್ಯದ ಅಭ್ಯಾಸ ಈ ಕಿಣ್ವವನ್ನು ಹೆಚ್ಚಿಸುವುದರಿಂದ ಎರಡೂ ಕೂಡಿದಾಗ ಹಾನಿ ಹೆಚ್ಚು. ತಲೆನೋವೆಂದು ಮನೆಯಲ್ಲಿ ಕೊಡುವ ಪ್ಯಾರಾಸಿಟಮಾಲ್ ಕೂಡ ಅದೇ ಕಿಣ್ವದ ದಾರಿ ಹಿಡಿಯುತ್ತದೆ. ಆದ್ದರಿಂದ ವೈದ್ಯರನ್ನು ಕೇಳದೆ ಕೊಡಬೇಡಿ.

ಮೊದಮೊದಲು ಯಾವ ಲಕ್ಷಣವೂ ಕಾಣದಿರಬಹುದು. ಊಟ ಸೇರದಿರುವುದು, ವಾಕರಿಕೆ, ಬಲಪಕ್ಕೆಯ ಕೆಳಗೆ ನೋವು, ಕಾಫಿ ಡಿಕಾಕ್ಷನ್‌ನಂತೆ ಕಡುಬಣ್ಣದ ಮೂತ್ರ ಇವನ್ನು ಗಮನಿಸಿ. ಕಣ್ಣನ್ನು ಟ್ಯೂಬ್‌ಲೈಟಿನಲ್ಲಿ ನೋಡಬೇಡಿ. ಹಗಲಿನಲ್ಲಿ ಕಿಟಕಿಯ ಬಳಿ ನಿಲ್ಲಿಸಿ, ಕೆಳರೆಪ್ಪೆಯನ್ನು ಮೆಲ್ಲಗೆ ಎಳೆದು, ಬಿಳಿಭಾಗ ಹಳದಿಯಾಗಿದೆಯೇ ಎಂದು ನೋಡಿ.

ಹಳದಿ ಕಂಡರೆ ನಮ್ಮಲ್ಲಿ ಬರಿಹೊಟ್ಟೆಗೆ ಸೊಪ್ಪಿನ ಔಷಧಿ ಕುಡಿಸಲು, ಕೆಲವೆಡೆ ಕೈಗೆ ಬರೆ ಹಾಕಿಸಲು ಕರೆದೊಯ್ಯುವುದು ರೂಢಿ. ಕಲುಷಿತ ನೀರಿನಿಂದ ಬರುವ ಕಾಮಾಲೆ ಹೆಚ್ಚಿನವರಲ್ಲಿ ತಾನಾಗಿಯೇ ವಾಸಿಯಾಗುತ್ತದೆ, ಅದರ ಕೀರ್ತಿ ಮಾತ್ರ ಔಷಧಿಗೆ ಸಲ್ಲುತ್ತದೆ. ಇಲ್ಲಿ ವಿಷವು ದಿನವೂ ಒಳಹೋಗುತ್ತಿರುವಾಗ ಆ ನಂಬಿಕೆಯಲ್ಲಿ ಕಳೆಯುವ ಒಂದು ವಾರವೇ ಜೀವಕ್ಕೆ ಎರವಾಗಬಹುದು.

ವೈದ್ಯರ ಮುಂದೆ ಸಂಕೋಚ ಬೇಡ. “ಡಾಕ್ಟ್ರೇ, ಮೂರು ತಿಂಗಳಿಂದ ಥಿನ್ನರ್ ಮೂಸ್ತಿದ್ದಾನೆ, ನಿನ್ನೆ ರಾತ್ರಿನೂ ಮೂಸಿದ್ದ” ಎಂದು ನೇರವಾಗಿ ಹೇಳಿ, ಡಬ್ಬಿಯನ್ನು ತೋರಿಸಿ. ಮಾದಕವಸ್ತುಗಳಿಗೆಂದು ಮಾಡುವ ಸಾಮಾನ್ಯ ಮೂತ್ರ ಪರೀಕ್ಷೆಯಲ್ಲಿ ಈ ದ್ರಾವಕಗಳು ಸಿಕ್ಕುವುದಿಲ್ಲ, ಹಾಗಾಗಿ ನಿಮ್ಮ ಮಾತೇ ವೈದ್ಯರಿಗೆ ಆಧಾರ.

ಎಲ್‌ಎಫ್‌ಟಿ (ಲಿವರ್‌ನ ರಕ್ತ ಪರೀಕ್ಷೆ) ಜೊತೆಗೆ ಪಿಟಿ-ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯದ ಅಳತೆ), ಕ್ರಿಯಾಟಿನಿನ್ (ಕಿಡ್ನಿಯ ಪರೀಕ್ಷೆ), ಪೊಟ್ಯಾಸಿಯಂ, ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆಗಳೂ ಬೇಕೇ ಎಂದು ಕೇಳಿ. ವರದಿ ಬಂದಾಗ ಎಲ್ಲರ ಕಣ್ಣೂ ಲಿವರ್ ಜೀವಕೋಶಗಳು ಸತ್ತಾಗ ರಕ್ತಕ್ಕೆ ಸೋರುವ ಕಿಣ್ವವಾದ ಎಸ್‌ಜಿಪಿಟಿಯ ಮೇಲೆ ಬೀಳುತ್ತದೆ, ಆದರೆ ನನಗೆ ಐಎನ್‌ಆರ್ ಹೆಚ್ಚು ಮುಖ್ಯ. ರಕ್ತ ಹೆಪ್ಪುಗಟ್ಟಿಸುವ ಅಂಶಗಳನ್ನು ಲಿವರ್ ತಯಾರಿಸಲಾಗದಿದ್ದಾಗ ಅದು ಏರುತ್ತದೆ. ಸಾಯಲು ಜೀವಕೋಶಗಳೇ ಉಳಿಯದಿದ್ದಾಗ ಎಸ್‌ಜಿಪಿಟಿ ಇಳಿಯುವುದೂ ಉಂಟು, ಅದನ್ನು ಚೇತರಿಕೆಯೆಂದು ತಿಳಿದು ಮನೆಗೆ ಕರೆತರಬಾರದು. ಐಎನ್‌ಆರ್ 1.5 ದಾಟಿ ಮಾತು ತೊದಲಿದರೆ ಅಥವಾ ನಿದ್ದೆಗಣ್ಣಿನಲ್ಲೇ ಇದ್ದರೆ, ಲಿವರ್ ತಜ್ಞರೂ ಐಸಿಯುವೂ ಇರುವ ಆಸ್ಪತ್ರೆಗೆ ತಕ್ಷಣ ಸೇರಿಸಬೇಕು.

ಸಕಾಲದಲ್ಲಿ ಮೂಸುವುದು ನಿಂತರೆ ಲಿವರ್ ಬಹುಮಟ್ಟಿಗೆ ತಾನೇ ಬೆಳೆದು ಸರಿಹೋಗುತ್ತದೆ. ಲಿವರ್ ಟಾನಿಕ್‌ಗಳಿಗೆ ಹಣ ಸುರಿಯುವ ಅಗತ್ಯವಿಲ್ಲ. ನಿಲ್ಲಿಸುವುದೇ ಕಷ್ಟದ ಕೆಲಸ, ಅದು ಬೈಗುಳದಿಂದ ಆಗುವುದಲ್ಲ. ಬೆಂಗಳೂರಿನ ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಯ ವಿಭಾಗವಿದೆ, ಅದರ ಸಮೀಪದಲ್ಲೇ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆಯೂ ಇದೆ. ವ್ಯಸನಮುಕ್ತಿ ಸಹಾಯವಾಣಿ 14446. ಮೆಜೆಸ್ಟಿಕ್, ಸಿಟಿ ಮಾರ್ಕೆಟ್ ಕಡೆ ಯಾರೂ ದಿಕ್ಕಿಲ್ಲದ ಮಗು ಮೂಸುತ್ತಿರುವುದು ಕಂಡರೆ ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಿ. ಮುಂದಿನ ರಕ್ತ ಪರೀಕ್ಷೆಯ ದಿನಾಂಕವನ್ನು ವೈದ್ಯರಿಂದ ಬರೆಸಿಕೊಂಡೇ ಮನೆಗೆ ಹೊರಡಿ.