ಕಿಟಕಿ ಮೇಲಿನ ಪ್ಲಾಸ್ಟಿಕ್ ಶೀಟಿನ ಮಳೆ ಸದ್ದು ಹೀಗೆ ತಗ್ಗಿಸಿ

ನಮ್ಮ ಮಲಗುವ ಕೋಣೆಯ ಕಿಟಕಿಗೆ ಎರಚಲು ಬಡಿಯದಿರಲಿ ಅಂತ ಹೊರಗೆ ಪಾಲಿಕಾರ್ಬೊನೇಟ್ ಶೀಟು ಹಾಕಿಸಿದ್ದೆವು. ಎರಚಲೇನೋ ನಿಂತಿತು. ಆದರೆ ಮಳೆ ಶುರುವಾದರೆ ತಮಟೆ ಬಡಿದ ಹಾಗೆ ಸದ್ದು. ಅಮ್ಮ ರಾತ್ರಿಯೆಲ್ಲ ಎದ್ದು ಕೂರುತ್ತಿದ್ದರು. ನಾನು ಮೊದಲು ಕಿಟಕಿ ಸಂದಿಗೆಲ್ಲ ಫೋಮ್ ಪಟ್ಟಿ ಅಂಟಿಸಿದೆ. ಏನೂ ಪ್ರಯೋಜನ ಆಗಲಿಲ್ಲ. ಸದ್ದು ಹುಟ್ಟುವುದು ಹೊರಗಿನ ಶೀಟಿನಲ್ಲಿ, ಅಲ್ಲೇ ಅದನ್ನು ಅಡಗಿಸಬೇಕು.

ಮಳೆ ಇಲ್ಲದಾಗ ಶೀಟಿನ ನಡುವೆ ಬೆರಳ ಗೆಣ್ಣಿನಿಂದ ತಟ್ಟಿ. 'ಡಬ್' ಅಂತ ಗುಂಯ್‌ಗುಡುತ್ತದೆ. ಈಗ ಇನ್ನೊಂದು ಅಂಗೈಯನ್ನು ಕೆಳಗಿನಿಂದ ಒತ್ತಿ ಹಿಡಿದು ಮತ್ತೆ ತಟ್ಟಿ. ಸದ್ದು ಮೊಟಕಾಯಿತು, ಅಲ್ವಾ? ಹನಿ ಬಿದ್ದಾಗ ತೆಳು ಶೀಟು ನಡುಗುತ್ತದೆ, ಅಂಗೈ ಆ ನಡುಕವನ್ನು ಹೀರಿಕೊಳ್ಳುತ್ತದೆ. ಅದೇ ಕೆಲಸವನ್ನು ಬ್ಯುಟೈಲ್ ಟೇಪು ಮಾಡುತ್ತದೆ. ಸೋರುವ ಚಾವಣಿಗೆ ಹಚ್ಚುತ್ತಾರಲ್ಲ, ಒಂದು ಕಡೆ ಅಲ್ಯುಮಿನಿಯಂ ಹಾಳೆ, ಇನ್ನೊಂದು ಕಡೆ ಮೆತ್ತನೆಯ ಅಂಟು, ಅದೇ.

ಶೀಟಿನ ಕೆಳಮೈಯನ್ನು ಸೋಪು ನೀರಿನಿಂದ ತೊಳೆದು ಪೂರ್ತಿ ಒಣಗಿಸಿ. ದೂಳು ಉಳಿದರೆ ಟೇಪು ನಾಲ್ಕು ದಿನಕ್ಕೆ ಜೋತು ಬೀಳುತ್ತದೆ. ಇಡೀ ಶೀಟಿಗೆ ಅಂಟಿಸಬೇಕಿಲ್ಲ. ನಡುಭಾಗದಲ್ಲಿ ಸುಮಾರು ಮೂರನೇ ಒಂದು ಭಾಗ ಮುಚ್ಚಿದರೆ ಸಾಕು, ಬೆಳಕೂ ಉಳಿಯುತ್ತದೆ. ಗುಳ್ಳೆ ಏಳದಂತೆ ಬಾಟಲಿ ಉರುಳಿಸಿ ಗಟ್ಟಿಯಾಗಿ ಒತ್ತಿ. ಮಹಡಿ ಮನೆಯಾದರೆ ಕಿಟಕಿಯಿಂದ ಬಗ್ಗಿ ಮಾಡಬೇಡಿ, ಶೀಟನ್ನು ಬಿಚ್ಚಿಸಿ ಒಳಗೆ ತಂದು ಅಂಟಿಸಿ.

ಸ್ಕ್ರೂ ಕಡೆಗೂ ಗಮನ ಕೊಡಿ. ನಮ್ಮದರಲ್ಲಿ ಎರಡು ಸಡಿಲವಾಗಿ ಗಾಳಿಗೆ ಕಟಕಟ ಅನ್ನುತ್ತಿದ್ದವು. ರಬ್ಬರ್ ವಾಷರ್ ಹಾಕಿ ಬಿಗಿ ಮಾಡಿದೆ. ತೀರಾ ಬಿಗಿಯೂ ಬೇಡ. ಬಿಸಿಲಿಗೆ ಪ್ಲಾಸ್ಟಿಕ್ ಹಿಗ್ಗುತ್ತದೆ. 30 ಡಿಗ್ರಿ ಬಿಸಿ ಏರಿದರೆ 1 ಮೀಟರ್ ಶೀಟು ಸುಮಾರು 2 ಮಿಲಿಮೀಟರ್ ಬೆಳೆಯುತ್ತದೆ. ಆದ್ದರಿಂದ ತೂತು ಸ್ಕ್ರೂಗಿಂತ ಸ್ವಲ್ಪ ದೊಡ್ಡದಿರಲಿ. ಸಂದಿಗೆ ಸಿಲಿಕೋನ್ ಹಾಕುವುದಾದರೆ ನ್ಯೂಟ್ರಲ್ ಅಂತ ಬರೆದದ್ದನ್ನೇ ಕೊಳ್ಳಿ. ಹುಳಿ ವಾಸನೆಯದು ಪಾಲಿಕಾರ್ಬೊನೇಟನ್ನು ಬಿರುಕು ಬಿಡಿಸಬಹುದು.

ಮೇಲಿನ ಅಂಚಿನಿಂದ ಒಂದೇ ಜಾಗಕ್ಕೆ ಟಪ್ ಟಪ್ ಅಂತ ಬೀಳುವ ದಪ್ಪ ಹನಿಗೆ ಟೇಪು ಸಾಲದು. ಅಲ್ಲಿ ಪ್ಲಾಸ್ಟಿಕ್ ಹುಲ್ಲಿನ ಮ್ಯಾಟಿನ ತುಂಡೊಂದನ್ನು ಕಟ್ಟಿ. ಹನಿ ಎಳೆಗಳ ಮೇಲೆ ಬಿದ್ದು ಒಡೆಯುತ್ತದೆ. ಸ್ಪಂಜು ಬೇಡ, ನೀರು ಕುಡಿದು ಪಾಚಿ ಕಟ್ಟುತ್ತದೆ. ಮ್ಯಾಟು ನೀರು ಹರಿದು ಹೋಗುವ ದಾರಿಗೆ ಅಡ್ಡ ಬರಬಾರದು. ಕಟ್ಟಿದ ಮೇಲೆ ಎತ್ತರದಿಂದ ಒಂದು ಚೊಂಬು ನೀರನ್ನು ಸಣ್ಣಗೆ ಸುರಿಯಿರಿ. ಒಳಗೆ ಮಂಚದ ಮೇಲೆ ಯಾರಾದರೂ ಮಲಗಿ ಕೇಳಿಸಿಕೊಳ್ಳಲಿ.