ಅಜ್ಜಿಯ ಮಾತ್ರೆ ಚೀಲ

ಬಚ್ಚಲಲ್ಲಿ ಬಿದ್ದ ಅಜ್ಜಿಯನ್ನು ಮಗ ಕರೆತಂದಾಗ ನಾನು ಮೊದಲು ನೋಡಿದ್ದು ಸೊಂಟದ ಎಕ್ಸ್‌ರೇ. ಮೂಳೆ ಮುರಿದಿರಲಿಲ್ಲ.

"ಕಾಲು ಜಾರಿತಾ ಅಜ್ಜಿ?"

"ಜಾರ್ಲಿಲ್ಲ ಡಾಕ್ಟ್ರೇ. ಕಣ್ಣು ಕತ್ತಲೆ ಬಂತು, ಆಮೇಲೆ ಏನಾಯ್ತೋ ಗೊತ್ತಿಲ್ಲ."

ಆ ಮಾತಿಗೇ ಇಸಿಜಿ ತೆಗೆಸಿದೆ. ಪ್ರತಿ ಬಡಿತಕ್ಕೂ ಹೃದಯ ಮತ್ತೆ ಸಿದ್ಧವಾಗಲು ಹಿಡಿಯುವ ಸಮಯವನ್ನು ಬಡಿತದ ವೇಗಕ್ಕೆ ಹೊಂದಿಸಿ ಹೇಳುವ ಅಂಕಿ ಕ್ಯೂಟಿಸಿ; ಯಂತ್ರ ಅದನ್ನು 468 ಮಿಲಿಸೆಕೆಂಡ್ ಎಂದು ಅಚ್ಚು ಹಾಕಿತ್ತು. ಪರವಾಗಿಲ್ಲ ಅನ್ನಿಸುವ ಅಂಕಿ. ಆದರೆ ಆ ಸಮಯದ ಕೊನೆಯ ಉಬ್ಬು, ಟಿ ಅಲೆ, ಅಗಲವಾಗಿ, ಚಪ್ಪಟೆಯಾಗಿ ಎಳೆದುಕೊಂಡು ಹೋಗಿತ್ತು. ಯಂತ್ರ ಅದರ ಬಾಲವನ್ನು ಬಿಟ್ಟು ಅಳೆದಿತ್ತು. ಪೆನ್ನಿನ ತುದಿ ಇಟ್ಟು ಎಣಿಸಿದೆ: ಹದಿಮೂರು ಚಿಕ್ಕ ಚೌಕ, ಒಂದಕ್ಕೆ 40 ಮಿಲಿಸೆಕೆಂಡ್, ಒಟ್ಟು 520. ಬಡಿತ ನಿಮಿಷಕ್ಕೆ 60 ಇದ್ದುದರಿಂದ ಬೇರೆ ಲೆಕ್ಕವೇ ಬೇಕಿರಲಿಲ್ಲ. 500 ದಾಟಿದರೆ ನಾವು ಕುರ್ಚಿ ಬಿಟ್ಟು ಏಳುತ್ತೇವೆ.

ಪ್ರತಿ ಬಡಿತದ ನಂತರ ಹೃದಯದ ಜೀವಕೋಶದಿಂದ ಪೊಟ್ಯಾಸಿಯಂ ಹೊರಹೋಗಬೇಕು, ಆಗಲೇ ಅದು ಮುಂದಿನ ಬಡಿತಕ್ಕೆ ಸಿದ್ಧ. ಕೆಲವು ಔಷಧಿಗಳು ಆ ಬಾಗಿಲಿಗೆ ಅಡ್ಡ ನಿಲ್ಲುತ್ತವೆ. ತಡವಾದ ಆ ಗಳಿಗೆಯಲ್ಲಿ ಒಂದು ಅಡ್ಡಬಡಿತ ಬಿದ್ದರೆ ಇಸಿಜಿ ಗೆರೆ ಹಗ್ಗ ಹೊಸೆದಂತೆ ತಿರುಚಿಕೊಳ್ಳುತ್ತದೆ. 1966ರಲ್ಲಿ ಫ್ರೆಂಚ್ ವೈದ್ಯ ಡೆಸೆರ್ಟೆನ್ ಇದನ್ನು 'ಟೊರ್ಸಾಡ್ ದ ಪ್ವಾಂಟ್' ಎಂದು ಕರೆದರು. ತಾನಾಗಿ ನಿಂತರೆ ರೋಗಿ ಕಣ್ಣು ಕತ್ತಲೆ ಬಂದು ಬೀಳುತ್ತಾರೆ. ನಿಲ್ಲದಿದ್ದರೆ ಏಳುವುದಿಲ್ಲ.

ಮಗನ ಕೈಲಿದ್ದ ಚೀಲವನ್ನು ಮೇಜಿನ ಮೇಲೆ ಸುರಿಸಿದೆ. ಕಾಲಿನ ಊತಕ್ಕೆ ನೀರಿಳಿಸುವ ಫ್ಯುರೋಸೆಮೈಡ್, ಮನಸ್ಸಿನ ಬೇಸರಕ್ಕೆ ಎಸಿಟಲೋಪ್ರಾಮ್ 20 ಮಿಲಿಗ್ರಾಂ (ಅರವತ್ತೈದು ದಾಟಿದವರಿಗೆ 10ರ ಮೇಲೆ ಕೊಡಬಾರದು), ಗ್ಯಾಸ್ ಮಾತ್ರೆಯೊಳಗೆ ಅಡಗಿದ್ದ, ವಾಕರಿಕೆ ತಡೆಯುವ ಡೊಂಪೆರಿಡೋನ್. ಜೊತೆಗೆ ಕೆಮ್ಮಿಗೆ ಮೂರು ದಿನದ ಆಂಟಿಬಯಾಟಿಕ್, ಅಜಿತ್ರೋಮೈಸಿನ್. ಕೊನೆಯ ಮೂರೂ ಆ ಬಾಗಿಲಿಗೆ ಅಡ್ಡ ನಿಲ್ಲುವಂಥವು. ಅಜಿತ್ರೋಮೈಸಿನ್ ಚೀಟಿಯಲ್ಲಿ ಇದ್ದದ್ದು ನನ್ನದೇ ಸಹಿ. ಫ್ಯುರೋಸೆಮೈಡ್ ನೀರಿನ ಜೊತೆ ಪೊಟ್ಯಾಸಿಯಂ ಕೂಡ ಇಳಿಸುತ್ತದೆ; ರಕ್ತದಲ್ಲಿ ಅದು 2.9ಕ್ಕೆ ಇಳಿದಿತ್ತು. ಅದು ಕಡಿಮೆಯಾದರೂ ಆ ಬಾಗಿಲು ನಿಧಾನವಾಗುತ್ತದೆ.

ಮಾನಿಟರ್ ಹಾಕಿ, 2 ಗ್ರಾಂ ಮ್ಯಾಗ್ನೀಸಿಯಂ ರಕ್ತನಾಳಕ್ಕೆ ಕೊಟ್ಟು, ಪೊಟ್ಯಾಸಿಯಂ ತುಂಬಿಸಿದೆವು; ಆ ಮೂರು ಮಾತ್ರೆ ನಿಲ್ಲಿಸಿದೆವು. ವಾಂತಿಯಾದರೂ ಒಂಡಾನ್ಸೆಟ್ರಾನ್ ಬೇಡವೆಂದು ಸಿಸ್ಟರ್‌ಗೆ ಹೇಳಿಟ್ಟೆ, ಅದೂ ಆ ಬಾಗಿಲಿಗೆ ಅಡ್ಡ ನಿಲ್ಲುವಂಥದ್ದೇ. ಐದನೇ ದಿನ ಹನ್ನೊಂದೂವರೆ ಚೌಕ, ಅಂದರೆ 460.

ಈಗ ನಾನು ಚೀಲ ನೋಡದೆ ಚೀಟಿ ಬರೆಯುವುದಿಲ್ಲ. ವಯಸ್ಸಾದವರು, ಅದರಲ್ಲೂ ಹೆಂಗಸರು, ನೀರಿಳಿಸುವ ಮಾತ್ರೆಯಲ್ಲಿದ್ದರೆ ಬಾಗಿಲಿಗೆ ಅಡ್ಡ ನಿಲ್ಲುವ ಎರಡನೇ ಔಷಧಿಗೆ ಮುಂಚೆ ಇಸಿಜಿ, ಪೊಟ್ಯಾಸಿಯಂ ಎರಡೂ ಆಗಬೇಕು. ಡೊಂಪೆರಿಡೋನನ್ನು ಪ್ರತಿ ಚೀಟಿಗೂ ಒಗ್ಗರಣೆಯಂತೆ ಸೇರಿಸುವ ನಮ್ಮ ಚಾಳಿ ನನಗೆ ಸರಿಕಾಣುವುದಿಲ್ಲ. 2014ರಲ್ಲೇ ಯುರೋಪಿನಲ್ಲಿ ಅದನ್ನು ದಿನಕ್ಕೆ 30 ಮಿಲಿಗ್ರಾಂಗೆ, ಸಾಮಾನ್ಯವಾಗಿ ಒಂದು ವಾರಕ್ಕೆ ಮಿತಿಗೊಳಿಸಿದರು.

ಅಜ್ಜಿಯ ಕೆಮ್ಮು? ಅದು ಬರೀ ನೆಗಡಿಯ ಕೆಮ್ಮು. ಆಂಟಿಬಯಾಟಿಕ್ ಬೇಕೇ ಇರಲಿಲ್ಲ.