ಗಾಜಿನಾಚೆಯ ಚಿಟ್ಟೆಗೆ ಕ್ಯಾಮೆರಾ ಹಿಡಿಯುವುದು

ವಿಜ್ಞಾನ ವಸ್ತುಸಂಗ್ರಹಾಲಯದ ಕೀಟ ವಿಭಾಗಕ್ಕೆ ಕಾಲಿಡುವ ಮೊದಲೇ ನಾನು ಫ್ಲ್ಯಾಶ್ ಆರಿಸಿಬಿಡುತ್ತೇನೆ. ಎಷ್ಟೋ ಕಡೆ ಅದಕ್ಕೆ ನಿಷೇಧವಿರುತ್ತದೆ. ಇಲ್ಲದಿದ್ದರೂ ಆ ಬೆಳಕು ಗಾಜಿಗೆ ಬಡಿದು ಚಿತ್ರದ ನಡುವೆ ಬಿಳಿ ಕಲೆಯಾಗಿ ಕೂರುತ್ತದೆ. ರೆಕ್ಕೆ, ಗರಿ, ತುಪ್ಪಳಗಳ ಬಣ್ಣ ಬೆಳಕಿಗೆ ಮಾಸುವುದರಿಂದ ಅಂಥವನ್ನು ಸುಮಾರು 50 ಲಕ್ಸ್‌ನ (ಲಕ್ಸ್ ಎಂದರೆ ಬೆಳಕಿನ ಅಳತೆ) ಮಂದ ಬೆಳಕಿನಲ್ಲಿ ಇಡುವ ರೂಢಿಯಿದೆ. ಹಾಗಾಗಿ ಐಎಸ್ಒವನ್ನು, ಅಂದರೆ ಕ್ಯಾಮೆರಾ ಬೆಳಕಿಗೆ ಸ್ಪಂದಿಸುವ ಮಟ್ಟವನ್ನು, 1600ಕ್ಕೋ 3200ಕ್ಕೋ ಧೈರ್ಯವಾಗಿ ಏರಿಸಿ. ಚಿತ್ರ ತುಸು ತರಿತರಿಯಾದರೂ ಸಹಿಸಬಹುದು, ಅಲುಗಿದರೆ ಮಾತ್ರ ಮದ್ದಿಲ್ಲ.

ಇಲ್ಲಿ ನಿಜವಾದ ಎದುರಾಳಿ ಗಾಜು. ಲೆನ್ಸಿನ ಮುಂದೆ ರಬ್ಬರ್ ಹುಡ್ (ಬೆಳಕು ತಡೆಯುವ ಮೆತ್ತನೆಯ ಬಳೆ) ಹಾಕಿ, ಅದರ ಅಂಚನ್ನು ಗಾಜಿಗೆ ಮೆತ್ತಗೆ ಒರಗಿಸಿ. ಪ್ರತಿಬಿಂಬವೂ ಹೋಗುತ್ತದೆ, ಕೈಗೂ ಆಸರೆ ಸಿಗುತ್ತದೆ. ಮೊಬೈಲ್ ಆದರೆ ಗಾಜಿಗೆ ಸಪಾಟಾಗಿ ಹಿಡಿದು ಸುತ್ತಲೂ ಅಂಗೈ ಮರೆಮಾಡಿ. ಕಡು ಬಣ್ಣದ ಅಂಗಿ ತೊಟ್ಟು ಹೋಗಿ. ಚಿತ್ರದಲ್ಲಿ ಅಡ್ಡಪಟ್ಟೆಗಳು ಕಂಡರೆ ಅದು ದೀಪದ ಮಿನುಗು: 50 ಹರ್ಟ್ಸ್ ವಿದ್ಯುತ್ ಇರುವಲ್ಲಿ ಶಟರ್ ವೇಗವನ್ನು 1/50 ಅಥವಾ 1/100 ಸೆಕೆಂಡಿಗೆ ಇಡಿ.

ನೀಲಿ ಮಾರ್ಫೋ ಚಿಟ್ಟೆ ಇದ್ದರೆ ಅಲ್ಲಿ ಹೆಚ್ಚು ಹೊತ್ತು ನಿಲ್ಲಿ. ಅದರ ನೀಲಿ ಬಣ್ಣದ್ರವ್ಯದ್ದಲ್ಲ. ರೆಕ್ಕೆಯ ಹುರುಪೆಗಳ ಮೇಲಿನ ಅತಿಸೂಕ್ಷ್ಮ ಏಣುಗಳು ಬೆಳಕನ್ನು ಹಿಂದಿರುಗಿಸುವ ಬಗೆಯಿಂದ ಹುಟ್ಟಿದ್ದು. ಅರ್ಧ ಹೆಜ್ಜೆ ಪಕ್ಕಕ್ಕೆ ಸರಿದರೆ ಒಂದು ರೆಕ್ಕೆ ಉರಿಯುತ್ತದೆ, ಇನ್ನೊಂದು ಕಪ್ಪಿಡುತ್ತದೆ. ಆ ವ್ಯತ್ಯಾಸ ಕಾಣುವಂತೆ ಒಂದು ಚಿತ್ರ ತೆಗೆಯಿರಿ. ಆಮೇಲೆ ಕ್ಯಾಮೆರಾವನ್ನು ರೆಕ್ಕೆಗೆ ಸಮಾನಾಂತರವಾಗಿ ಹಿಡಿದು, ಎಫ್/8ರಲ್ಲಿ (ಲೆನ್ಸಿನ ಕಿಂಡಿಯನ್ನು ಕಿರಿದಾಗಿಸಿ), ಅಂಚಿನಿಂದ ಅಂಚಿಗೆ ಸ್ಪಷ್ಟವಾದ ಇನ್ನೊಂದು. ನನಗೆ ಮೊದಲನೆಯದೇ ಹೆಚ್ಚು ಇಷ್ಟ, ಚಿಟ್ಟೆಯ ಗುಟ್ಟು ಇರುವುದು ಅದರಲ್ಲಿ.

ಜೀರುಂಡೆಗಳಿಗೆ ಸೂಜಿ ಚುಚ್ಚುವುದು ಸಾಮಾನ್ಯವಾಗಿ ಬಲಗಡೆಯ ಗಟ್ಟಿ ಮೇಲ್ರೆಕ್ಕೆಗೆ. ಆದ್ದರಿಂದ ಅದರ ಎಡಮುಂಭಾಗದಿಂದ, ತಗ್ಗಿನಲ್ಲಿ ನೋಡಿ: ಸೂಜಿ ಹಿಂದಕ್ಕೆ ಸರಿದು ಕಣ್ಣು, ದವಡೆ ತೆರವಾಗಿ ಸಿಗುತ್ತವೆ. ಹುಲ್ಲು ತುಂಬಿದ ಪ್ರಾಣಿಗಳ ಮುಂದೆ ಮಂಡಿಯೂರಿ, ಅವುಗಳ ಗಾಜಿನ ಕಣ್ಣಿನಲ್ಲಿ ದೀಪದ ಚುಕ್ಕಿ ಮೂಡುವವರೆಗೂ ತಲೆ ಆಡಿಸಿ. ಆ ಚುಕ್ಕಿ ಇಲ್ಲದ ಮುಖ ಬರೀ ಚರ್ಮವಾಗಿ ಉಳಿಯುತ್ತದೆ.

ಜೀವಂತ ಚಿಟ್ಟೆಗಳ ಕೋಣೆ ಬೆಚ್ಚಗೆ, ತೇವವಾಗಿರುತ್ತದೆ. ತಣ್ಣನೆಯ ಲೆನ್ಸ್ ಮಂಜುಗಟ್ಟುತ್ತದೆ. ಒರೆಸುತ್ತ ಕೂರದೆ, ಕ್ಯಾಮೆರಾ ಚೀಲದಲ್ಲೇ ಬೆಚ್ಚಗಾಗಲಿ. ಫೋಕಸ್ ಕಣ್ಣಿನ ಮೇಲಿರಲಿ. ಚಿಟ್ಟೆಯನ್ನು ಕೈಯಿಂದ ಸರಿಸಿ ಕೂರಿಸುವುದು ಸರ್ವಥಾ ಬೇಡ, ಮುಟ್ಟಿದಲ್ಲೆಲ್ಲ ಹುರುಪೆ ಉದುರುತ್ತದೆ. ಇರುವೆಗೂಡಿಗೆ ಕೆಂಪು ದೀಪ ಹಾಕಿದ್ದರೆ, ಇರುವೆಗಳಿಗೆ ಕೆಂಪು ಅಷ್ಟಾಗಿ ಕಾಣದೆಂಬುದೇ ಅದರ ಕಾರಣ. ಬೇರೆ ಬೆಳಕು ಹಾಯಿಸದೆ ತೆಗೆದು, ಮನೆಯಲ್ಲಿ ಕಪ್ಪು-ಬಿಳುಪಿಗೆ ಬದಲಿಸಿಕೊಳ್ಳಿ.

ಪ್ರತಿ ಮಾದರಿಯ ಚಿತ್ರಗಳು ಮುಗಿದ ಕೂಡಲೇ ಅದರ ಹೆಸರಿನ ಫಲಕದ್ದೂ ಒಂದು ತೆಗೆಯಿರಿ. ಫಲಕ ಯಾವಾಗಲೂ ಕೊನೆಗೇ ಬರಲಿ. ಕ್ರಮ ತಪ್ಪಿದರೆ ಒಂದರ ಹೆಸರು ಇನ್ನೊಂದಕ್ಕೆ ಅಂಟುತ್ತದೆ.